ಬೇಲೂರು, ಹಳೇಬೀಡಿನ ಗೋಡೆಯನ್ನು ಓದುವುದು ಹೇಗೆ?

ಪ್ರಶ್ನೆ: ಬೇಲೂರು, ಹಳೇಬೀಡಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಎರಡೂ ಸಲ ಗೈಡ್ ತೋರಿಸಿದ್ದನ್ನು ನೋಡಿ, ಫೋಟೊ ತೆಗೆದುಕೊಂಡು, ಒಂದೂವರೆ ಗಂಟೆಯೊಳಗೆ ಆಚೆ ಬಂದಿದ್ದಾಯಿತು. ಎಲ್ಲರೂ ಅದ್ಭುತ ಅನ್ನುತ್ತಾರೆ. ನಿಜ ಹೇಳಬೇಕೆಂದರೆ, ಅಷ್ಟೊಂದು ಕೆತ್ತನೆ ಒಟ್ಟಿಗೆ ನೋಡಿ ನನಗೆ ತಲೆ ಗಿರ್ರೆಂದಿತು. ಈ ಡಿಸೆಂಬರ್‌ನಲ್ಲಿ ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಏನನ್ನು, ಹೇಗೆ ನೋಡಬೇಕು? ಮಾಡಿನಡಿಯ ಸುಂದರಿಯರ ವಿಗ್ರಹಗಳನ್ನು, ಅಂದರೆ ಮದನಿಕೆಯರನ್ನೆಲ್ಲ, ಹೊಯ್ಸಳ ರಾಣಿ ಶಾಂತಲೆಯನ್ನು ನೋಡಿಯೇ ಕಡೆದದ್ದು ಅನ್ನುತ್ತಾರಲ್ಲ, ನಿಜವೆ?

ಉತ್ತರ: ತಲೆ ಗಿರ್ರೆಂದದ್ದರಲ್ಲಿ ನಿಮ್ಮ ತಪ್ಪಿಲ್ಲ. ಹೊಯ್ಸಳರ ಗೋಡೆಯಲ್ಲಿ ಅಂಗೈಯಗಲ ಜಾಗವೂ ಖಾಲಿ ಇರುವುದಿಲ್ಲ. ಮದುವೆ ಊಟದ ಎಲೆಯ ಮೇಲಿರುವ ಕೋಸಂಬರಿ, ಪಲ್ಯ, ಚಿತ್ರಾನ್ನ, ಪಾಯಸ ಎಲ್ಲವನ್ನೂ ಒಟ್ಟಿಗೆ ಕಲಸಿ ಬಾಯಿಗಿಟ್ಟರೆ ಯಾವುದರ ರುಚಿ ತಿಳಿದೀತು? ಎಲೆಗೊಂದು ಕ್ರಮವಿರುವಂತೆ ಈ ಗೋಡೆಗೂ ಒಂದು ಕ್ರಮವಿದೆ. ಯಾವ ಹೊತ್ತಿಗೆ ಹೋಗಬೇಕು, ಎಷ್ಟು ದೂರ ನಿಲ್ಲಬೇಕು, ಯಾವ ಕಡೆಯಿಂದ ಯಾವ ಕಡೆಗೆ ಸಾಗಬೇಕು ಎಂಬ ಮೂರು ಸಂಗತಿ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಹೊತ್ತಿನ ಮಾತು. ಹೆಚ್ಚಿನವರು ಬೆಂಗಳೂರಿನಿಂದ ಬೆಳಿಗ್ಗೆ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿ, ಹನ್ನೆರಡರ ಸುಮಾರಿಗೆ ಬೇಲೂರು ತಲುಪುತ್ತಾರೆ. ಗೋಡೆ ನೋಡಲು ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ನೆತ್ತಿಯ ಬಿಸಿಲಿನಲ್ಲಿ ಮಾಡಿನ ಚಾಚಿನ ನೆರಳು ಗೋಡೆಯ ಮೇಲ್ಭಾಗವನ್ನು ನುಂಗುತ್ತದೆ, ಕೆಳಗಿನದೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು. ಬೇಲೂರಿನ ಚೆನ್ನಕೇಶವ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಹಿಂದಿನ ರಾತ್ರಿಯೇ ಹಾಸನದಲ್ಲೋ ಬೇಲೂರಿನಲ್ಲೋ ಉಳಿದು ಬೆಳಿಗ್ಗೆ ಬೇಗ ಅಲ್ಲಿರಿ. ಹಳೇಬೀಡು ಅಲ್ಲಿಂದ 16 ಕಿ.ಮೀ. ಹೊಯ್ಸಳೇಶ್ವರನೂ ಪೂರ್ವಾಭಿಮುಖನೇ, ಆದರೆ ಅಲ್ಲಿ ಮನಸೂರೆಗೊಳ್ಳುವ ದೊಡ್ಡ ವಿಗ್ರಹಗಳ ಸಾಲು ಇರುವುದು ಹಿಂಬದಿಯ ಪಶ್ಚಿಮ ಗೋಡೆಯಲ್ಲಿ. ಬೆಳಿಗ್ಗೆ ಅದು ನೆರಳಿನಲ್ಲಿರುತ್ತದೆ, ಮಧ್ಯಾಹ್ನ ಮೂರರ ಮೇಲೆ ಬಿಸಿಲಿಗೆ ಬರುತ್ತದೆ. ಹಾಗಾಗಿ ಬೆಳಿಗ್ಗೆ ಬೇಲೂರು, ಇಳಿಹೊತ್ತಿಗೆ ಹಳೇಬೀಡು. ನೀವು ಹೋಗುವುದು ಡಿಸೆಂಬರ್‌ನಲ್ಲಿ; ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ, ಅದನ್ನು ಯಾವ ಹೊತ್ತಿನಲ್ಲಿ ನೋಡಿದರೂ ಒಂದೇ.

ಇನ್ನು ದೂರ. ಒಳಗೆ ಕಾಲಿಟ್ಟ ಕೂಡಲೇ ಗೋಡೆಗೆ ಮೂಗು ತಾಗಿಸಬೇಡಿ. ಮೂವತ್ತು ನಲವತ್ತು ಹೆಜ್ಜೆ ದೂರದಲ್ಲೇ ನಿಂತು ಗುಡಿಯ ಆಕಾರ ನೋಡಿ. ಗುಡಿ ಒಂದು ಎತ್ತರದ ಕಟ್ಟೆಯ ಮೇಲೆ ನಿಂತಿದೆ, ಅದೇ ಜಗತಿ. ಗರ್ಭಗುಡಿಯ ಸುತ್ತಿನ ಗೋಡೆ ನೆಟ್ಟಗೆ ಹೋಗದೆ ಕೋನಕೋನವಾಗಿ ಮಡಚಿಕೊಂಡಿರುತ್ತದೆ, ಜಗತಿಯ ಅಂಚೂ ಅದೇ ಮಡಿಕೆಗಳನ್ನು ಹಿಂಬಾಲಿಸುತ್ತದೆ. ಇದರ ಲೆಕ್ಕವನ್ನು ಹೊರಡುವ ಮುಂಚೆ ಮನೆಯಲ್ಲೇ ಮಗಳಿಗೆ ತೋರಿಸಬಹುದು. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಟ್ಟನಡುವೆ ಗುಂಡುಸೂಜಿ ಚುಚ್ಚಿ ಕಾಗದದ ಮೇಲಿಡಿ. ಸುತ್ತ ಗೆರೆ ಎಳೆಯಿರಿ. ಚೌಕವನ್ನು 22.5 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ನಾಲ್ಕು ಸಲ. ನಾಲ್ಕು ಚೌಕಕ್ಕೆ ಹದಿನಾರು ಮೂಲೆ, ಹದಿನಾರು ಮೊನೆಯ ನಕ್ಷತ್ರ ಸಿದ್ಧ. ಮೈಸೂರಿನ ಕಡೆ ಸೋಮನಾಥಪುರದಲ್ಲಿರುವ ಹೊಯ್ಸಳರ ಗುಡಿಯ ಮೂರು ಗರ್ಭಗುಡಿಗಳ ತಳವಿನ್ಯಾಸ ಇದೇ. ಇದು ಬರಿಯ ಅಲಂಕಾರಕ್ಕೆ ಮಾಡಿದ್ದಲ್ಲ. ನೆಟ್ಟಗಿನ ಗೋಡೆಯಲ್ಲಾದರೆ ಬಿಸಿಲು ಒಂದೇ ಸಮನೆ ಬೀಳುತ್ತದೆ. ಮಡಿಕೆಯ ಗೋಡೆಯಲ್ಲಿ ಒಂದು ಮೈ ಬೆಳಕಿನಲ್ಲಿದ್ದರೆ ಪಕ್ಕದ ಮೈ ನೆರಳಿನಲ್ಲಿರುತ್ತದೆ, ಅರ್ಧ ಗಂಟೆಗೆಲ್ಲ ಅದು ಬದಲಾಗುತ್ತದೆ. ಪ್ರತಿ ಮಡಿಕೆಯಲ್ಲೂ ಒಬ್ಬ ದೇವರೋ ದೇವಿಯೋ ನಿಂತಿರುವುದರಿಂದ ನೀವು ನಡೆದಂತೆ ಒಬ್ಬೊಬ್ಬರಾಗಿ ಎದುರಿಗೆ ಬರುತ್ತಾರೆ.

ಈಗ ಜಗತಿ ಹತ್ತಿ. ಹಳೇಬೀಡಿನ ಗೋಡೆಯ ಬುಡವನ್ನು ಕೆಳಗಿನಿಂದ ಮೇಲಕ್ಕೆ ಓದಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಒಟ್ಟು ಎಂಟು ಪಟ್ಟಿಕೆ. ಅವುಗಳ ಮೇಲೆ ದೊಡ್ಡ ವಿಗ್ರಹಗಳ ಸಾಲು. ಈ ಎಂಟು ಹೆಸರು ಬಾಯಿಗೆ ಬಂದರೆ ಸಾಕು, ಗಿಜಿಗಿಜಿ ಅನ್ನಿಸುತ್ತಿದ್ದ ಬುಡ ಗೆರೆ ಎಳೆದ ಕಾಪಿ ಪುಸ್ತಕದ ಹಾಳೆಯಂತೆ ಬಿಡಿಬಿಡಿಯಾಗಿ ಕಾಣುತ್ತದೆ. ಮಗಳಿಗೆ ಒಂದು ಕೆಲಸ ಕೊಡಿ. ಆನೆ ಸಾಲಿನಲ್ಲಿ ಎಲ್ಲಿ ಬೇಕಾದರೂ ಹತ್ತು ಆನೆ ಆರಿಸಿಕೊಂಡು ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಬರೆಯಲಿ. ಸೊಂಡಿಲು ಎತ್ತ ಸುತ್ತಿದೆ, ಕಾಲು ಎಲ್ಲಿದೆ, ಬಾಲ ಹೇಗಿದೆ, ಮೇಲೆ ಯಾರು ಕೂತಿದ್ದಾರೆ. ಮೂರನೆಯ ಆನೆಗೆ ಬರುವ ಹೊತ್ತಿಗೆ ಅವಳು ನಿಮ್ಮನ್ನು ಕರೆದು ತೋರಿಸಲು ಶುರುಮಾಡುತ್ತಾಳೆ.

ಕೆಳಗಿನಿಂದ ಆರನೆಯದು ಕಥಾಪಟ್ಟಿಕೆ. ಇಲ್ಲಿಯೇ ಎಲ್ಲರೂ ಎಡವುವುದು. ಕನ್ನಡ ಓದುವ ಕಣ್ಣು ತಾನೇ ತಾನಾಗಿ ಎಡದಿಂದ ಬಲಕ್ಕೆ ಹೋಗುತ್ತದೆ. ಕತೆ ಮಾತ್ರ ಪ್ರದಕ್ಷಿಣೆಯ ದಾರಿ ಹಿಡಿದು ಸಾಗುತ್ತದೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುವವರು ಗೋಡೆಗೆ ಮುಖ ಮಾಡಿ ನಿಂತರೆ, ಅವರ ದಾರಿ ಬಲಗೈಯಿಂದ ಎಡಗೈ ಕಡೆಗೆ. ಹಾಗಾಗಿ ರಾಮಾಯಣವನ್ನೂ ಬಲದಿಂದ ಎಡಕ್ಕೆ ಓದಬೇಕು. ಅಭ್ಯಾಸಬಲದಿಂದ ಎಡದಿಂದ ಶುರುಮಾಡಿದರೆ ಲಂಕೆಯಿಂದ ಕಾಡಿಗೆ, ಕಾಡಿನಿಂದ ಅಯೋಧ್ಯೆಗೆ ಹಿಮ್ಮುಖವಾಗಿ ಬಂದು, ಏನೂ ಅರ್ಥವಾಗದೆ ಕೈಬಿಡುತ್ತೀರಿ. ಕಲಿಯಲು ಸುಲಭದ ಜಾಗ ಸೋಮನಾಥಪುರ: ಪೂರ್ವದಿಂದ ಒಳಬಂದು ಎಡಕ್ಕೆ ತಿರುಗಿದರೆ ದಕ್ಷಿಣದ ಕಡೆ ರಾಮಾಯಣ, ಹಿಂಬದಿಯಲ್ಲಿ ಭಾಗವತದ ಕೃಷ್ಣ, ಉತ್ತರದಲ್ಲಿ ಮಹಾಭಾರತ. ಇದಕ್ಕೊಂದು ಅಪವಾದವೂ ಉಂಟು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ಗುಡಿಯ ದಕ್ಷಿಣದ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ, ಉತ್ತರದ ಕತೆಗಳು ಮಾಮೂಲಿನಂತಿವೆ. ಹಳೇಬೀಡಿನಲ್ಲಿ ಎಲ್ಲ ಕತೆ ಹುಡುಕಲು ಹೋಗಬೇಡಿ, ಸುಸ್ತಾಗುತ್ತದೆ. ಮೂರು ಸಾಕು: ಅಭಿಮನ್ಯು ಸಿಕ್ಕಿಬಿದ್ದ ಚಕ್ರವ್ಯೂಹ, ಶರಶಯ್ಯೆಯ ಭೀಷ್ಮ, ಸಮುದ್ರಮಥನ. ಚಕ್ರವ್ಯೂಹದಲ್ಲಿ ಸೈನಿಕರ ಸಾಲು ಸುರುಳಿ ಸುತ್ತಿರುವುದನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಗೆರೆ ಎಳೆದು ಹಿಂಬಾಲಿಸಲು ಮಗಳಿಗೆ ಹೇಳಿ.

ಬೆರಳು ತಾಗಿಸದೆ ಅಂದದ್ದಕ್ಕೆ ಕಾರಣವಿದೆ. ಇದು ಬಳಪದ ಕಲ್ಲು. ಹಂಪಿಯ ಕಣಶಿಲೆಯಂತೆ ಗಡುಸಲ್ಲ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಣಶಿಲೆಯಲ್ಲಿ ಸುತ್ತಿಗೆಯ ಪೆಟ್ಟು ಬಿದ್ದರೆ ಚಕ್ಕೆ ಹಾರುತ್ತದೆ, ಹಾಗಾಗಿ ಅಲ್ಲಿನ ಶಿಲ್ಪಿ ದೊಡ್ಡ ಮೈಕಟ್ಟು, ಸರಳ ಗೆರೆಗಳನ್ನು ನೆಚ್ಚಿಕೊಳ್ಳುತ್ತಾನೆ. ಬಳಪದ ಕಲ್ಲಿನಲ್ಲಿ ಅಕ್ಕಸಾಲಿಗನ ಕೆಲಸ ಸಾಧ್ಯ. ಸಾಧ್ಯವಾದ ಮೇಲೆ ಹೊಯ್ಸಳರ ಶಿಲ್ಪಿಗಳು ಅದನ್ನು ಎಲ್ಲಿಗೂ ಬಿಡಲಿಲ್ಲ ಅನ್ನುವುದು ಬೇರೆ ಮಾತು. ಕೆಲವು ವಿಗ್ರಹಗಳಲ್ಲಿ ಒಡವೆಯ ಭಾರಕ್ಕೆ ಮೈಯೇ ಮರೆಯಾಗಿದೆ ಎಂದು ಹೇಳಿದರೆ ತಪ್ಪಾಗದು. ಈ ಕೆಲಸವನ್ನು ಎದುರಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಪಕ್ಕಕ್ಕೆ ಬಂದು, ಕೆನ್ನೆ ಗೋಡೆಯ ಕಡೆಗಿರುವಂತೆ ನಿಂತು ನೋಡಿ. ಕೊರಳ ಹಾರ ಎದೆಗೆ ಅಂಟಿಕೊಂಡಿಲ್ಲ, ನಡುವೆ ಟೊಳ್ಳು ಬಿಟ್ಟು ಬಿಡಿಸಿದ್ದಾರೆ. ತಲೆಯ ಮೇಲಿನ ಬಳ್ಳಿಯ ಚಪ್ಪರದ ಹಿಂದೆಯೂ ಹಾಗೆಯೇ ಕೊರೆದಿದ್ದಾರೆ. ಹಾರದ ಸುತ್ತ ಅಷ್ಟು ಕಪ್ಪು ನೆರಳು ಬರುವುದು ಆ ಟೊಳ್ಳಿನಿಂದಲೇ. ಹಲವು ಮುಖಗಳ ಮೂಗು, ಕೈಗಳು ಮುರಿದಿವೆ. ಮುಖವನ್ನಷ್ಟೇ ನೋಡುವ ಅಭ್ಯಾಸವಿದ್ದವರಿಗೆ ಅಲ್ಲೇ ಬೇಸರ ಬರುತ್ತದೆ. ಅಂಥ ಕಡೆ ಸೊಂಟದ ಪಟ್ಟಿ, ಕಾಲ್ಗೆಜ್ಜೆ, ಪಾದದ ಬಳಿಯ ಪುಟ್ಟ ಪರಿಚಾರಕರ ಕಡೆ ಕಣ್ಣು ಹಾಯಿಸಿ.

ದೊಡ್ಡ ವಿಗ್ರಹಗಳಲ್ಲಿ ವಿಷ್ಣುವನ್ನು ಗುರುತಿಸುವುದು ಒಂದು ಸೊಗಸಾದ ಲೆಕ್ಕ. ಆಚಮನ ಮಾಡುವಾಗ ಕೇಶವಾಯ ನಮಃ, ನಾರಾಯಣಾಯ ನಮಃ, ಮಾಧವಾಯ ನಮಃ ಎಂದು ಶುರುವಾಗಿ ಕೃಷ್ಣನವರೆಗೆ ಇಪ್ಪತ್ನಾಲ್ಕು ಹೆಸರು ಹೇಳುತ್ತಾರಲ್ಲ, ಆ ಇಪ್ಪತ್ನಾಲ್ಕೂ ಈ ಗೋಡೆಗಳ ವಿಷ್ಣುರೂಪಗಳೇ. ಎಲ್ಲರಿಗೂ ನಾಲ್ಕು ಕೈ, ಎಲ್ಲರಲ್ಲೂ ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದಿದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ನಾಲ್ಕು ಆಯುಧವನ್ನು ನಾಲ್ಕು ಕೈಗೆ ಎಷ್ಟು ಬಗೆಯಲ್ಲಿ ಹಂಚಬಹುದು? 4×3×2×1, ಸರಿಯಾಗಿ 24. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ವಿಗ್ರಹದ ಬಲ ಮೇಲಿನ ಕೈಯಲ್ಲಿ ಶಂಖ, ಎಡ ಮೇಲಿನ ಕೈಯಲ್ಲಿ ಚಕ್ರ, ಎಡ ಕೆಳಗಿನ ಕೈಯಲ್ಲಿ ಗದೆ, ಬಲ ಕೆಳಗಿನ ಕೈಯಲ್ಲಿ ಪದ್ಮವಿದ್ದರೆ ಅವನು ಕೇಶವ. ಬಲ ಅಂದರೆ ವಿಗ್ರಹದ ಬಲ, ನೋಡುವವರ ಬಲವಲ್ಲ. ಇಲ್ಲಿ ತಪ್ಪಿದರೆ ಹೆಸರೇ ತಪ್ಪುತ್ತದೆ. ಉಳಿದ ಹೆಸರುಗಳಿಗೆ ಗ್ರಂಥದಿಂದ ಗ್ರಂಥಕ್ಕೆ ಸ್ವಲ್ಪ ವ್ಯತ್ಯಾಸವಿದೆ, ಸದ್ಯಕ್ಕೆ ಕೇಶವನೊಬ್ಬ ಸಾಕು.

ಯಾರು ಕಡೆದರು ಎಂದು ಕೇಳಿದರೆ ಎಲ್ಲ ಗೈಡ್‌ಗಳೂ ಜಕಣಾಚಾರಿ ಅನ್ನುತ್ತಾರೆ. ವಿಗ್ರಹದ ಕಲ್ಲಿನಲ್ಲಿ ಕಪ್ಪೆ ಸಿಕ್ಕ ಕತೆ, ಮಗ ಡಂಕಣನ ಕತೆ, ಕೈ ಕತ್ತರಿಸಿಕೊಂಡ ಕತೆ ಕೇಳಲು ಚೆನ್ನಾಗಿವೆ, ಮಗಳಿಗೂ ಹೇಳಿ. ಆದರೆ ಬೇಲೂರಿನ ಸಹಿಗಳಲ್ಲಿ ಆ ಹೆಸರಿಲ್ಲ. ಇರುವವರು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ. ಮದನಿಕೆಯರ ಪೀಠದ ಮೇಲೆ ತಮ್ಮ ಹೆಸರು, ಊರು, ತಂದೆಯ ಹೆಸರು ಕೊರೆದಿದ್ದಾರೆ. ಜತೆಗೆ ಬಿರುದುಗಳು. ಎದುರಾಳಿ ರೂವಾರಿಗಳೆಂಬ ಮನ್ಮಥನಿಗೆ ತಾನು ಶಿವ, ಅವರೆಂಬ ಬೆಟ್ಟಕ್ಕೆ ತಾನು ವಜ್ರಾಯುಧ ಎಂಬ ಧಾಟಿಯಲ್ಲಿ. ರೂವಾರಿ ಎಂದರೆ ಶಿಲ್ಪಿ. ಒಂಬೈನೂರು ವರ್ಷದ ಹಿಂದಿನ ಕುಶಲಕರ್ಮಿಗಳ ಈ ಜಂಬ ಭಾರತದ ಬೇರೆ ಕಡೆ ಇಷ್ಟು ಧಾರಾಳವಾಗಿ ಸಿಗುವುದಿಲ್ಲ. ಇನ್ನೊಂದು ಹೆಸರು ಮಲ್ಲಿತಮ್ಮ. 1196ರ ಅಮೃತಾಪುರದಲ್ಲೂ ಈ ಹೆಸರಿದೆ, 1258ರ ಸೋಮನಾಥಪುರದಲ್ಲಿ ನಲವತ್ತಕ್ಕೂ ಹೆಚ್ಚು ವಿಗ್ರಹಗಳ ಕೆಳಗೂ ಇದೆ. ಇಬ್ಬರೂ ಒಬ್ಬನೇ ಆಗಿದ್ದರೆ ಆತ ಅರವತ್ತು ವರ್ಷ ಉಳಿ ಹಿಡಿದಿದ್ದ. ಅಕ್ಷರಗಳು ಹಳೆಯ ರೂಪದವು, ಆದರೂ ಕೆಲವು ಈಗಿನಂತೆಯೇ ಇವೆ. ಮಗಳಿಗೆ ಎರಡು ಮೂರಾದರೂ ಸಿಕ್ಕಾವು.

ಶಾಂತಲೆಯ ವಿಷಯಕ್ಕೆ ಬರೋಣ. ಮದನಿಕೆಯರಿಗೆ ಅವಳೇ ಮಾದರಿ ಎನ್ನಲು ಶಾಸನದ ಆಧಾರವಿಲ್ಲ. ಬೇಲೂರಿನ ಮಾಡಿನಡಿಯ ಮದನಿಕೆಯರಲ್ಲಿ ಕನ್ನಡಿ ಹಿಡಿದವಳಿದ್ದಾಳೆ, ಗಿಳಿ ಮಾತಾಡಿಸುವವಳಿದ್ದಾಳೆ, ಸೀರೆ ಎಳೆಯುವ ಕೋತಿಯನ್ನು ಗದರಿಸುವವಳಿದ್ದಾಳೆ, ಬೇಟೆಗೆ ಹೊರಟವಳಿದ್ದಾಳೆ. ಇವರೆಲ್ಲರನ್ನೂ ಒಬ್ಬ ರಾಣಿಯ ಭಾವಚಿತ್ರವೆಂದು ಹೇಳುವುದು ಹಲವು ರೂವಾರಿಗಳ ಕಲ್ಪನೆಯನ್ನು ಕಿತ್ತುಕೊಂಡಂತೆ. ಶಾಸನಗಳ ಶಾಂತಲೆ ಕತೆಯ ಶಾಂತಲೆಗಿಂತ ದೊಡ್ಡವಳು. ಸಂಗೀತ ನೃತ್ಯಗಳಲ್ಲಿ ಅವಳ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಗಂಡ, ಹೊಯ್ಸಳ ದೊರೆ ವಿಷ್ಣುವರ್ಧನ, 1117ರಲ್ಲಿ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದಾಗ, ಪಕ್ಕದಲ್ಲೇ ಚೆನ್ನಿಗರಾಯನ ಗುಡಿ ಮಾಡಿಸಿದವಳು ಅವಳು. ತಾನು ಮಾತ್ರ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಸವತಿಯರೆಂಬ ಆನೆಗಳಿಗೆ ಮದದಾನೆ ಎಂಬುದು ಅವಳದೇ ಬಿರುದು. ಅದನ್ನೇ ಬಸದಿಗೆ ಇಟ್ಟವಳ ಸ್ವಭಾವವನ್ನು ನೀವೇ ಊಹಿಸಿ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು, ಆ ಸುದ್ದಿ ಕೇಳಿ ತಾಯಿ ಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು ಎನ್ನುತ್ತದೆ ಶಾಸನ.

ಪ್ರೀತಿಯನ್ನೇ ಹುಡುಕುವುದಾದರೆ ಬೇಲೂರಿನ ಪೂರ್ವದ ಬಾಗಿಲಿಗೆ ಬನ್ನಿ. ಅಲ್ಲಿ ಎರಡು ಬದಿಗೆ ಮನ್ಮಥ ಮತ್ತು ರತಿ ನಿಂತಿದ್ದಾರೆ. ಮನ್ಮಥನ ಗುರುತು ಕಬ್ಬಿನ ಬಿಲ್ಲು. ಗೆಣ್ಣುಗಳು ಕಾಣುವುದರಿಂದ ಸಾಮಾನ್ಯ ಬಿಲ್ಲಿನಿಂದ ಬೇರೆ ಮಾಡಬಹುದು. ಕೇಶವನನ್ನು ನೋಡಲು ಹೋಗುವವರು ಮೊದಲು ಇವರಿಬ್ಬರ ನಡುವೆ ಹಾದುಹೋಗಬೇಕು. ಹೆಚ್ಚಿನವರು ಆತುರದಲ್ಲಿ ತಲೆ ಎತ್ತಿ ನೋಡುವುದೇ ಇಲ್ಲ. ಅದೇ ಬಾಗಿಲ ಬಳಿಯ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿಯಲ್ಲಿ, ದೊರೆಯ ಒಡ್ಡೋಲಗ ಕೆತ್ತಿದೆ. ಅದನ್ನು ವಿಷ್ಣುವರ್ಧನನದೆಂದು ವಿದ್ವಾಂಸರು ಗುರುತಿಸುತ್ತಾರೆ. ಈ ಜಾಲಂಧ್ರಗಳು ಮೂಲದಲ್ಲಿ ಇರಲಿಲ್ಲ, ಮೊಮ್ಮಗ ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರಿದವು. ಒಳಗಿನ ಕತ್ತಲಿಗೆ ಅದೂ ಒಂದು ಕಾರಣ.

ಆ ಕತ್ತಲನ್ನು ಹೇಗೆ ನೋಡಬೇಕು ಎಂಬುದೂ ತಿಳಿದಿರಬೇಕು. ಬಿಸಿಲಿನಿಂದ ನವರಂಗಕ್ಕೆ, ಅಂದರೆ ಒಳಗಿನ ಕಂಬಗಳ ಮಂಟಪಕ್ಕೆ, ನುಗ್ಗಿದವರಿಗೆ ಏನೂ ಕಾಣದೆ, ಮೊಬೈಲ್ ಟಾರ್ಚ್ ಹಚ್ಚಿ ನೇರ ಮುಖಕ್ಕೆ ಹಿಡಿಯುತ್ತಾರೆ. ಎದುರಿನ ಬೆಳಕು ಕೆತ್ತನೆಯನ್ನು ಅಳಿಸಿಬಿಡುತ್ತದೆ, ಕಣ್ಣೂ ಮತ್ತೆ ಕುರುಡಾಗುತ್ತದೆ. ಬಾಗಿಲು ದಾಟಿದ ಮೇಲೆ ಒಂದು ಬದಿಗೆ ಸರಿದು ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲಿ. ತೆರೆದ ಮೇಲೆ ಇನ್ನೊಂದೈದು ನಿಮಿಷದಲ್ಲಿ ಕಂಬಗಳು ಒಂದೊಂದಾಗಿ ಹೊರಬರುತ್ತವೆ. ಟಾರ್ಚ್ ಬೇಕೇ ಆದರೆ ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ನಡುವಿನ ನಾಲ್ಕು ಕಂಬಗಳ ಮೇಲೆ ಮತ್ತೆ ನಾಲ್ವರು ಮದನಿಕೆಯರಿದ್ದಾರೆ. ಛಾವಣಿ ನೋಡಲು ಕತ್ತು ನೋಯಿಸಿಕೊಳ್ಳಬೇಡಿ: ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅಂಗೈ ಮೇಲೆ ಮಲಗಿಸಿದರೆ ಮೇಲಿರುವುದೆಲ್ಲ ಕೈಯಲ್ಲೇ ಕಾಣುತ್ತದೆ. ನರಸಿಂಹ ಕಂಬದ ಮೇಲೆ ಕಡಲೆ ಗಾತ್ರದ ಬಸವನಿದ್ದಾನೆ, ಅವನನ್ನು ಹುಡುಕುವ ಕೆಲಸ ಮಗಳದು. ಕಂಬ ಒಂದು ಕಾಲಕ್ಕೆ ತಿರುಗುತ್ತಿತ್ತು ಎನ್ನುತ್ತಾರೆ. ಕಡಚಲು ಹಿಡಿದ, ಅಂದರೆ ತಿರುಗಿಸುತ್ತಾ ಕಡೆದ, ದುಂಡು ಕಂಬಗಳ ಮೈಮೇಲಂತೂ ಉಂಗುರದಂಥ ಸಣ್ಣ ಗೆರೆಗಳು ಸಾಲಾಗಿ ಕಾಣುತ್ತವೆ.

ಅಲ್ಲಿಂದ ಗರ್ಭಗುಡಿಯ ಕಡೆಗೆ ಹೆಜ್ಜೆ ಹಾಕಿದಂತೆ ಬೆಳಕು ಇಳಿಯುತ್ತಾ ಹೋಗುತ್ತದೆ. ಜಗತಿಯ ಮೇಲೆ ಬಿಸಿಲು, ನವರಂಗದಲ್ಲಿ ಮಬ್ಬು, ಗರ್ಭಗುಡಿಯ ಮುಂದಿನ ಸಣ್ಣ ಅಂಕಣವಾದ ಸುಕನಾಸಿಯಲ್ಲಿ ಕತ್ತಲು, ಕೊನೆಗೆ ದೀಪ. ಹೊರಗಿನ ಗೋಡೆಯಲ್ಲಿ ಸಾವಿರ ರೂಪ ಕಂಡ ಕಣ್ಣಿಗೆ ಒಳಗೆ ಒಂದೇ ಒಂದು ರೂಪ, ಅದೂ ಮಂಗಳಾರತಿಯ ಹೊತ್ತಿಗೆ ಮಾತ್ರ ನಿಚ್ಚಳ. ಬೇಲೂರಿನಲ್ಲಿ ಇಂದಿಗೂ ನಿತ್ಯಪೂಜೆ ನಡೆಯುವುದರಿಂದ ಇದನ್ನು ಅನುಭವಿಸಬಹುದು. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತಾರೆ, ಅದಕ್ಕೂ ಮುಂಚೆ ಮಂಗಳಾರತಿಗೆ ಒಳಗಿರಿ. ಸೋಮನಾಥಪುರದಲ್ಲಿ ಪೂಜೆಯಿಲ್ಲ. ಅಲ್ಲಿ ಶಿಲ್ಪವನ್ನು ನಿರಾತಂಕವಾಗಿ ನೋಡಬಹುದು, ಬಾಳೆಹೂವಿನಂತೆ ಇಳಿಬಿದ್ದ ಮೊಗ್ಗುಗಳಿರುವ ಹದಿನಾರು ಛಾವಣಿಗಳನ್ನು ಎಣಿಸಬಹುದು. ಆದರೆ ಈ ಕೊನೆಯ ದೀಪ ಅಲ್ಲಿಲ್ಲ.

ಹಳೇಬೀಡಿನಲ್ಲಿ ಎಲ್ಲರೂ ತಪ್ಪಿಸಿಕೊಳ್ಳುವ ಜಾಗ ಬಸದಿಹಳ್ಳಿ. ಹೊಯ್ಸಳೇಶ್ವರನಿಂದ ಸ್ವಲ್ಪವೇ ದೂರ, ಜನವೇ ಇರುವುದಿಲ್ಲ. ಪಾರ್ಶ್ವನಾಥ ಬಸದಿಯ ಹೊರಗೋಡೆ ಬೋಳು. ನೋಡಬೇಕಾದ್ದು ಒಳಗಿನ ಕಂಬಗಳು. ಎಷ್ಟು ನುಣುಪೆಂದರೆ ಎದುರು ನಿಂತವರ ಬಿಂಬ ಉದ್ದವಾಗಿ, ಓರೆಯಾಗಿ ಕಾಣುತ್ತದೆ. ಮಕ್ಕಳಿಗೆ ಇದು ಎಲ್ಲ ವಿಗ್ರಹಗಳಿಗಿಂತ ಇಷ್ಟವಾಗುತ್ತದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ದೊರೆಗೆ ಒಯ್ದಾಗ ಅವನು ಯುದ್ಧದಲ್ಲಿ ಗೆದ್ದಿದ್ದ, ಆಗಷ್ಟೇ ಮಗನೂ ಹುಟ್ಟಿದ್ದ. ಪ್ರಸಾದ ಸ್ವೀಕರಿಸಿ ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. ವೈಷ್ಣವನಾದ ಮೇಲೆ ದೊರೆ ಜೈನರನ್ನು ಹಿಂಸಿಸಿದ ಎಂಬ ಕತೆಯನ್ನು ಯಾರಾದರೂ ಹೇಳಿದರೆ ಈ ಶಾಸನ ನೆನಪಿರಲಿ.

ಸಮಯದ ಲೆಕ್ಕ ಹೀಗಿಟ್ಟುಕೊಳ್ಳಿ: ಬೇಲೂರಿಗೆ ಮೂರು ಗಂಟೆ, ಹೊಯ್ಸಳೇಶ್ವರನಿಗೆ ಎರಡು, ಬಸದಿಗಳಿಗೆ ಅರ್ಧ. ಮಧ್ಯಾಹ್ನ ಹನ್ನೆರಡರಿಂದ ಎರಡೂವರೆ ಊಟ, ವಿಶ್ರಾಂತಿ. ಬೆಳಕು ಇಳಿಯುವ ಮುನ್ನವೇ ಬಸದಿ ನೋಡಿ ಮುಗಿಸಿ ಹೊಯ್ಸಳೇಶ್ವರನ ಹಿಂಬದಿಗೆ ಬನ್ನಿ. ಸೋಮನಾಥಪುರ ಮೈಸೂರಿನ ಕಡೆಯದು, ಮೈಸೂರಿನಿಂದ ಸುಮಾರು 35 ಕಿ.ಮೀ.; ಅದನ್ನೂ ಅದೇ ದಿನಕ್ಕೆ ತುರುಕಬೇಡಿ. ಗೈಡ್ ಬೇಡವೆನ್ನುವುದಿಲ್ಲ, ಆದರೆ ಮೊದಲ ಸುತ್ತು ನೀವಿಬ್ಬರೇ ಹಾಕಿ, ಎರಡನೆಯ ಸುತ್ತಿಗೆ ಅವರನ್ನು ಕರೆಯಿರಿ. ಆಗ ಕೇಳಲು ನಿಮ್ಮಲ್ಲೂ ಪ್ರಶ್ನೆಗಳಿರುತ್ತವೆ. ಚೀಲದಲ್ಲಿ ನೀರು, ಮಗಳ ನೋಟ್‌ಬುಕ್ಕು, ಸಿಕ್ಕರೆ ಒಂದು ಸಣ್ಣ ಬೈನಾಕ್ಯುಲರ್. ಮದನಿಕೆಯರು ಮಾಡಿನಡಿ ಎತ್ತರದಲ್ಲಿರುವುದರಿಂದ ಬರಿಗಣ್ಣಿಗೆ ಬೆರಳುಗಳು ಕಾಣುವುದಿಲ್ಲ. ಚಪ್ಪಲಿ ಹೊರಗೇ ಬಿಡಬೇಕು, ಹತ್ತು ಗಂಟೆಯ ಮೇಲೆ ಜಗತಿಯ ಕಲ್ಲು ಡಿಸೆಂಬರ್‌ನಲ್ಲೂ ಸುಡುತ್ತದೆ. ಇಬ್ಬರಿಗೂ ದಪ್ಪನೆಯ ಕಾಲುಚೀಲ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗೋಡೆ ನೋಡುವ ಬದಲು ನೆರಳು ಹುಡುಕುತ್ತಾ ಓಡಬೇಕಾಗುತ್ತದೆ.